ಕ್ಯಾಮೆರಾ ಕೆಲಸ ಬೇಕಾದಷ್ಟಿದೆ, ನೌಕರಿ ಎಲ್ಲಿದೆ? ಪುಣೆಯಲ್ಲಿ ಪೂರ್ಣಾವಧಿ ವಿಡಿಯೋಗ್ರಾಫರ್ ಆಗುವ ದಾರಿ

ಪುಣೆ: ಗಣೇಶೋತ್ಸವದ ಹತ್ತು ದಿನ, ಆಳಂದಿ ಮತ್ತು ದೇಹುವಿನ ಪಾಲಖಿಗಳು ಊರು ದಾಟಿ ಪಂಢರಪುರಕ್ಕೆ ಹೊರಡುವ ದಿನಗಳು, ಡಿಸೆಂಬರ್‌ನ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ, ಇವುಗಳ ನಡುವೆ ಮದುವೆಗಳ ಸಾಲು. ಪುಣೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ಕೆಲಸಕ್ಕೆ ಕೊರತೆ ಇಲ್ಲ. ಆದರೆ ಇದರಲ್ಲಿ ಹೆಚ್ಚಿನದು ದಿನದ ಲೆಕ್ಕದ ಕೆಲಸ. ತಿಂಗಳ ಸಂಬಳ, ಪಿಎಫ್, ವಾರದ ರಜೆ ಇರುವ ನೌಕರಿ ಹುಡುಕಲು ಹೊರಟವರಿಗೆ ಇದೇ ಊರು ಬೇರೆಯಾಗಿ ಕಾಣುತ್ತದೆ.

ಇದು ಕನ್ನಡಿಗರಿಗೂ ಸಂಬಂಧಿಸಿದ ವಿಷಯ. ಕಲಬುರಗಿಯಿಂದ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ವಿಜಯಪುರ, ಸೋಲಾಪುರ, ಅಕ್ಕಲಕೋಟೆ ಭಾಗದ ಯುವಕ ಯುವತಿಯರು ಓದು ಮತ್ತು ಉದ್ಯೋಗಕ್ಕೆ ಪುಣೆಯ ರೈಲು ಹತ್ತುವುದು ಹೊಸದಲ್ಲ. ಕನ್ನಡದ ಜೊತೆ ಮರಾಠಿ, ಹಿಂದಿ ಬಲ್ಲವರಿಗೆ ಈ ಊರಿನ ವಿಡಿಯೋ ಕ್ಷೇತ್ರದಲ್ಲಿ ಅದೇ ಒಂದು ಅರ್ಹತೆ.

ಕಾನೂನು ಬದಲಾಗಿದೆ, ಆದರೆ ಯಾರಿಗೆ?

ಕೇಂದ್ರದ 4 ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯ ಎಂಬುದು ಇವುಗಳ ಮುಖ್ಯ ಅಂಶಗಳಲ್ಲಿ ಒಂದು.

ಕ್ಯಾಮೆರಾ ಕೆಲಸದವರ ಮಟ್ಟಿಗೆ ಇನ್ನೂ ಎರಡು ಬದಲಾವಣೆಗಳಿವೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಿಕಾ ಸಂಸ್ಥೆಗಳಿಗೆ ಸೀಮಿತವಾಗಿತ್ತು. ಪತ್ರಿಕೆಯ ಛಾಯಾಗ್ರಾಹಕ ಅದರ ವ್ಯಾಪ್ತಿಯಲ್ಲಿದ್ದರೆ, ಟಿವಿ ವಾಹಿನಿಯ ಕ್ಯಾಮೆರಾಮನ್ ಹೊರಗಿದ್ದ. ಹೊಸ ಸಂಹಿತೆಯ ವ್ಯಾಖ್ಯೆ ಎಲೆಕ್ಟ್ರಾನಿಕ್ ಮತ್ತು ಡಿಜಿಟಲ್ ಮಾಧ್ಯಮಗಳನ್ನೂ ಸೇರಿಸಿಕೊಂಡಿದೆ. ಹಾಗೆಯೇ 1981ರ ಕಾಯ್ದೆಯಲ್ಲಿದ್ದ ‘ಸಿನಿಮಾ ಕಾರ್ಮಿಕ’ನ ಜಾಗಕ್ಕೆ ‘ಆಡಿಯೋ ವಿಷುವಲ್ ಕಾರ್ಮಿಕ’ ಬಂದಿದ್ದಾನೆ. ಜಾಹೀರಾತು, ಅನಿಮೇಷನ್, ಡಿಜಿಟಲ್ ನಿರ್ಮಾಣ ಎಲ್ಲವೂ ಇದರೊಳಗೆ ಬರುತ್ತವೆ. ಲಿಖಿತ ಒಪ್ಪಂದ ಇಲ್ಲದೆ ಇವರನ್ನು ದುಡಿಸಿಕೊಳ್ಳುವಂತಿಲ್ಲ.

ಕೇಳಲು ಚೆನ್ನಾಗಿದೆ. ಆದರೆ ಈ ರಕ್ಷಣೆಯ ಬಹುಪಾಲು ನಿಂತಿರುವುದು ‘ನೌಕರ’ ಎಂಬ ಒಂದು ಪದದ ಮೇಲೆ. ದಿನಕ್ಕೆ ಹತ್ತು ಗಂಟೆ ಅದೇ ಕಚೇರಿಯಲ್ಲಿ ಕೆಲಸ ಮಾಡಿಸಿಕೊಂಡು, ಕಾಗದದಲ್ಲಿ ಮಾತ್ರ ‘ಕನ್ಸಲ್ಟೆಂಟ್’ ಎಂದು ಬರೆಯುವ ಪದ್ಧತಿ ಈ ಕ್ಷೇತ್ರದಲ್ಲಿ ಸಾಮಾನ್ಯ. ಆಗ ಕೈಗೆ ಬರುವುದು ಸಂಬಳವಲ್ಲ, ಟಿಡಿಎಸ್ ಕಳೆದ ಶುಲ್ಕ. ಪಿಎಫ್ ಇಲ್ಲ, ಇಎಸ್ಐ ಇಲ್ಲ, ಗ್ರಾಚ್ಯುಟಿಯ ಮಾತೂ ಇಲ್ಲ. ಪೂರ್ಣಾವಧಿ ಎನ್ನುವುದನ್ನು ದುಡಿದ ಗಂಟೆಗಳಿಗಿಂತ ಮೊದಲು ನಿರ್ಧರಿಸುವುದು ಸಹಿ ಹಾಕಿದ ಕಾಗದ.

ನೌಕರಿ ಇರುವುದು ಎಲ್ಲಿ?

ಪುಣೆ ಎಂದರೆ ಕ್ಯಾಮೆರಾ ಕಲಿಯುವವರಿಗೆ ಮೊದಲು ನೆನಪಾಗುವುದು ಎಫ್‌ಟಿಐಐ. ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲಿ 1960ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿಯೇ ಗಿರೀಶ್ ಕಾಸರವಳ್ಳಿ ಓದಿದ್ದು. ಇಲ್ಲಿನ ಟಿವಿ ವಿಭಾಗದಲ್ಲಿ ಪದವೀಧರರಿಗಾಗಿ ಎಲೆಕ್ಟ್ರಾನಿಕ್ ಸಿನಿಮಾಟೋಗ್ರಫಿಯ ಒಂದು ವರ್ಷದ ಕೋರ್ಸ್ ನಡೆದುಬಂದಿದೆ. 2017ರಿಂದ ದೇಶದ ಬೇರೆ ಬೇರೆ ಊರುಗಳಲ್ಲಿ ಕಿರು ಅವಧಿಯ ಕೋರ್ಸ್‌ಗಳನ್ನೂ ಸಂಸ್ಥೆ ನಡೆಸುತ್ತಿದೆ. ಆದರೆ ಇಲ್ಲಿಂದ ಹೊರಬಂದವರಲ್ಲಿ ಅನೇಕರ ಕಣ್ಣು ಮುಂಬೈನ ಸಿನಿಮಾ ಮತ್ತು ಓಟಿಟಿ ಮೇಲೆ. ಅಲ್ಲಿಯೂ ಕೆಲಸ ನಡೆಯುವುದು ಪ್ರಾಜೆಕ್ಟ್ ಲೆಕ್ಕದಲ್ಲಿ.

ತಿಂಗಳ ಸಂಬಳದ ಹುದ್ದೆ ಬೇಕಾದವರು ಸಿನಿಮಾದಾಚೆ ನೋಡಬೇಕು. ಹಿಂಜವಡಿಯ ಐಟಿ ಕಂಪನಿಗಳು, ಚಾಕಣ್ ಮತ್ತು ಪಿಂಪ್ರಿ ಚಿಂಚವಡದ ವಾಹನ ಉದ್ಯಮ, ಖಾಸಗಿ ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು, ರಿಯಲ್ ಎಸ್ಟೇಟ್ ಸಂಸ್ಥೆಗಳಿಗೆ ಈಗ ವಿಡಿಯೋ ನಿತ್ಯದ ಅಗತ್ಯ. ಸಿಬ್ಬಂದಿ ತರಬೇತಿ, ಉತ್ಪನ್ನ ಪರಿಚಯ, ಆನ್‌ಲೈನ್ ಪಾಠ, ಸಾಮಾಜಿಕ ಜಾಲತಾಣದ ರೀಲ್ಸ್ ಎಂದು ಕೆಲಸ ಪ್ರತಿ ವಾರ ಇರುತ್ತದೆ. ಜಾಹೀರಾತಿನಲ್ಲಿ ಮಾತ್ರ ‘ಕ್ಯಾಮೆರಾಮನ್’ ಎಂಬ ಹೆಸರು ಕಾಣುವುದು ಕಡಿಮೆ. ‘ಕಂಟೆಂಟ್ ಪ್ರೊಡ್ಯೂಸರ್’, ‘ಮಲ್ಟಿಮೀಡಿಯಾ ಎಕ್ಸಿಕ್ಯುಟಿವ್’, ‘ವಿಡಿಯೋ ಎಡಿಟರ್’ ಎಂದು ಹುಡುಕಿದರೆ ಸಿಗುವ ಹುದ್ದೆಗಳು ಹೆಚ್ಚು.

ಯುಜಿಸಿ ನೆರವಿನ ಶೈಕ್ಷಣಿಕ ಮಲ್ಟಿಮೀಡಿಯಾ ಕೇಂದ್ರವೊಂದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿದೆ. ಅಂಥದ್ದೇ ಕೇಂದ್ರ ಮೈಸೂರು ವಿಶ್ವವಿದ್ಯಾಲಯದಲ್ಲೂ ಇದೆ. ಸರ್ಕಾರಿ ಕೆಲಸ ಎಂದಾಕ್ಷಣ ಕಾಯಂ ಎಂದುಕೊಳ್ಳುವಂತಿಲ್ಲ. ಪ್ರಸಾರ ಭಾರತಿ ಇತ್ತೀಚಿನ ವರ್ಷಗಳಲ್ಲಿ ಕ್ಯಾಮೆರಾ ಕೆಲಸಕ್ಕೆ ಗುತ್ತಿಗೆ ಆಧಾರದಲ್ಲಿ ಅರ್ಜಿ ಕರೆದಿದೆ. ಚುನಾವಣೆ ವೇಳೆ ವಿಡಿಯೋ ಕಣ್ಗಾವಲು ತಂಡಗಳಿಗೆ ಬೇಕಾಗುವ ವಿಡಿಯೋಗ್ರಾಫರ್‌ಗಳ ಕೆಲಸವೂ ಮತದಾನದೊಂದಿಗೆ ಮುಗಿಯುತ್ತದೆ.

ಸಂದರ್ಶನದಲ್ಲಿ ಏನು ನೋಡುತ್ತಾರೆ?

ಕಂಪನಿಗಳಿಗೆ ಬೇಕಾಗಿರುವುದು ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಮುಗಿಸಿಕೊಡುವ ವ್ಯಕ್ತಿ. ಚಿತ್ರೀಕರಣ, ಧ್ವನಿ, ಬೆಳಕು, ಎಡಿಟಿಂಗ್, ಸಬ್‌ಟೈಟಲ್, ಅಡ್ಡ ವಿಡಿಯೋದಿಂದ ಮೊಬೈಲ್‌ಗೆ ಬೇಕಾದ ಉದ್ದ ವಿಡಿಯೋ ತೆಗೆಯುವುದು, ಫೈಲ್‌ಗಳನ್ನು ಎರಡು ಕಡೆ ಜೋಪಾನ ಮಾಡುವುದು ಎಲ್ಲವೂ ಒಬ್ಬರ ಹೆಗಲಿಗೇ ಬೀಳುತ್ತದೆ. ಚಿತ್ರ ಚೆನ್ನಾಗಿದ್ದು ಮಾತು ಸರಿಯಾಗಿ ಕೇಳಿಸದಿದ್ದರೆ ಆ ವಿಡಿಯೋ ಬಳಕೆಗೆ ಬಾರದು. ದುಬಾರಿ ಕ್ಯಾಮೆರಾಕ್ಕಿಂತ ಒಳ್ಳೆಯ ಕಾಲರ್ ಮೈಕ್ ಮೇಲೆ ಮೊದಲು ಹಣ ಹಾಕುವುದು ಜಾಣತನ. ಎಡಿಟಿಂಗ್ ಕಲಿಯಲು ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶದ ಉಚಿತ ಆವೃತ್ತಿಯೇ ಸಾಕು.

ಶೋರೀಲ್ ಎರಡು ನಿಮಿಷ ಮೀರದಿರಲಿ. ಮದುವೆಯ ಡ್ರೋನ್ ದೃಶ್ಯಗಳನ್ನೇ ಪೋಣಿಸಿದ ರೀಲ್ ನೋಡಿ ಕಾರ್ಖಾನೆಯ ತರಬೇತಿ ವಿಡಿಯೋ ಯಾರೂ ಒಪ್ಪಿಸುವುದಿಲ್ಲ. ಒಂದು ಸಂದರ್ಶನ, ಒಂದು ಪ್ರಕ್ರಿಯೆಯನ್ನು ವಿವರಿಸುವ ವಿಡಿಯೋ, ಒಂದು ಕಾರ್ಯಕ್ರಮದ ವರದಿ, ಹೀಗೆ ಮೂರು ಪೂರ್ಣ ಕೆಲಸಗಳ ಲಿಂಕ್ ಜೊತೆಗಿಡಬೇಕು. ಪ್ರತಿಯೊಂದರಲ್ಲೂ ತಾವು ಮಾಡಿದ್ದೇನು ಎಂಬುದನ್ನು ಒಂದು ಸಾಲಿನಲ್ಲಿ ಬರೆದರೆ ನಂಬಿಕೆ ಹೆಚ್ಚುತ್ತದೆ.

ಡ್ರೋನ್ ಹಾರಿಸುವುದು ಹೆಚ್ಚುವರಿ ಅರ್ಹತೆ ನಿಜ. ಆದರೆ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ವಾಣಿಜ್ಯ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಲೋಹಗಾಂವ್ ವಾಯುನೆಲೆ, ಖಡಕ್‌ವಾಸ್ಲಾದ ಎನ್‌ಡಿಎ, ಸೇನೆಯ ದಕ್ಷಿಣ ಕಮಾಂಡ್ ಇರುವ ಪುಣೆಯಲ್ಲಿ ನಕ್ಷೆ ನೋಡದೆ ಡ್ರೋನ್ ಏರಿಸುವುದು ಅಪಾಯಕಾರಿ.

ಸಹಿಗೆ ಮುನ್ನ ಕೇಳಬೇಕಾದ್ದು

ಆಯ್ಕೆಯಾದ ಖುಷಿಯಲ್ಲಿ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆಗಳು ಇಲ್ಲಿವೆ.

• ಪತ್ರದಲ್ಲಿರುವುದು ‘ನೌಕರ’ ಎಂದೋ, ‘ಕನ್ಸಲ್ಟೆಂಟ್’ ಎಂದೋ? 20 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗೆ ಪಿಎಫ್ ನಿಯಮ ಅನ್ವಯಿಸುತ್ತದೆ.

• ನಿಗದಿತ ಅವಧಿಯ ಒಪ್ಪಂದವಾದರೆ ಎಷ್ಟು ತಿಂಗಳು? ಹೊಸ ಸಂಹಿತೆಯಡಿ ಇಂಥ ನೌಕರರು 1 ವರ್ಷ ಪೂರೈಸಿದರೆ ಗ್ರಾಚ್ಯುಟಿಗೆ ಅರ್ಹರು. ಹನ್ನೊಂದು ತಿಂಗಳ ಒಪ್ಪಂದದ ಅರ್ಥ ಇಲ್ಲಿ ತಿಳಿಯುತ್ತದೆ.

• ಕ್ಯಾಮೆರಾ ಯಾರದು? ಸ್ವಂತದ್ದಾದರೆ ಬಾಡಿಗೆ, ವಿಮೆ, ದುರಸ್ತಿ ಯಾರ ಖರ್ಚು?

• ರಾತ್ರಿ ಮತ್ತು ಭಾನುವಾರದ ಚಿತ್ರೀಕರಣಕ್ಕೆ ಬದಲಿ ರಜೆ ಅಥವಾ ಭತ್ಯೆ ಇದೆಯೇ?

• ಮಾಡಿದ ಕೆಲಸವನ್ನು ಶೋರೀಲ್‌ನಲ್ಲಿ ತೋರಿಸಬಹುದೇ? 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೌಕರಿಯ ಭಾಗವಾಗಿ ತಯಾರಿಸಿದ ವಿಡಿಯೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದು.

ಇಷ್ಟನ್ನೂ ಕೇಳಿದರೆ ಕೆಲಸ ಕೈತಪ್ಪೀತು ಎಂಬ ಅಂಜಿಕೆ ಹೊಸಬರಲ್ಲಿ ಸಹಜ. ಮಾತಿನಲ್ಲಿ ಕೇಳಲು ಸಂಕೋಚವಾದರೆ, ಮಾತುಕತೆ ಆದ ದಿನವೇ ಒಪ್ಪಿದ ಅಂಶಗಳನ್ನು ಇಮೇಲ್‌ನಲ್ಲಿ ಬರೆದು ಕಳುಹಿಸುವುದು ಸುಲಭದ ದಾರಿ. ನೇಮಕಾತಿ ಪತ್ರ ಕೇಳುವುದು ಈಗ ಉಪಕಾರ ಬೇಡಿದಂತಲ್ಲ, ಅದು ಕಾನೂನು ಕೊಟ್ಟ ಹಕ್ಕು. ಅದನ್ನು ಕೇಳಿದ್ದಕ್ಕೇ ಹಿಂದೆ ಸರಿಯುವ ಸಂಸ್ಥೆ ಮೊದಲಿನಿಂದಲೂ ಹುಡುಕುತ್ತಿದ್ದುದು ನೌಕರನನ್ನಲ್ಲ, ದಿನಗೂಲಿಯವನನ್ನು.