ಬಣ್ಣ ಹೋದರೆ ಸಾಲದು

ವಿದ್ಯಾರ್ಥಿಗಳ ವಿಜ್ಞಾನ ಪ್ರಾಜೆಕ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಯವೊಂದಿದೆ: ಸುತ್ತಮುತ್ತ ಸಿಗುವ ಬೀಜ, ಸಿಪ್ಪೆ, ಇದ್ದಿಲುಗಳಿಂದ ಕೊಳೆನೀರನ್ನು ಶುದ್ಧೀಕರಿಸುವುದು. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡುಗಳನ್ನು ಸೋಸಕವಾಗಿ ಬಳಸಿದ ಒಡಿಶಾದ ಶಾಲಾ ಬಾಲಕಿಯೊಬ್ಬಳಿಗೆ 2015ರ ಗೂಗಲ್ ವಿಜ್ಞಾನ ಮೇಳದಲ್ಲಿ ಪ್ರಶಸ್ತಿ ಬಂದಿತ್ತು.

ಇಂಥ ವಸ್ತುಗಳು ಮುಖ್ಯವಾಗಿ ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ. ನುಗ್ಗೆ ಬೀಜದ ಪ್ರೋಟೀನ್‌ಗಳಲ್ಲಿ ಧನ ವಿದ್ಯುದಂಶವಿದೆ; ನೀರಿನಲ್ಲಿ ತೇಲುವ ಮಣ್ಣಿನ ಕಣಗಳಲ್ಲಿ ಋಣ ವಿದ್ಯುದಂಶ. ಎರಡೂ ಕೂಡಿ ಗಡ್ಡೆಕಟ್ಟಿ ತಳಕ್ಕಿಳಿಯುತ್ತವೆ, ಒಂದಷ್ಟು ಬ್ಯಾಕ್ಟೀರಿಯಾಗಳೂ ಜೊತೆಗೆ ಇಳಿಯುತ್ತವೆ. ಚಿಲ್ಲದ ಬೀಜವನ್ನು ತೇಯ್ದು ಹಾಕಿ ಬಗ್ಗಡ ನೀರನ್ನು ತಿಳಿಗೊಳಿಸುವ ಹಳೆಯ ರೂಢಿಯೂ ಇದೇ ಬಗೆಯದು. ತೆಂಗಿನ ಚಿಪ್ಪಿನ ಇದ್ದಿಲಿನ ರೀತಿ ಬೇರೆ. ಸಂಸ್ಕರಿಸಿದ ಒಂದು ಗ್ರಾಂ ಇದ್ದಿಲಿನ ಸೂಕ್ಷ್ಮ ರಂಧ್ರಗಳ ಒಳಮೈ ಸುಮಾರು 1,000 ಚದರ ಮೀಟರ್ ಇರಬಲ್ಲದು. ಬಣ್ಣ, ವಾಸನೆ, ಕೀಟನಾಶಕಗಳ ಅಣುಗಳು ಅಲ್ಲಿ ಅಂಟಿಕೊಳ್ಳುತ್ತವೆ.

ಪ್ರಯೋಗಾಲಯದ ಯಶಸ್ಸು ಹೊರಗೂ ಸಿಗುತ್ತದೆನ್ನುವಂತಿಲ್ಲ. ಅನೇಕ ಪ್ರಯೋಗಗಳು ಶುದ್ಧ ನೀರಿಗೆ ಮಿಥಿಲೀನ್ ಬ್ಲೂ ಬೆರೆಸಿ ನಡೆಯುತ್ತವೆ. ಇದು ಧನ ವಿದ್ಯುದಂಶದ ಬಣ್ಣ. ಸಿಪ್ಪೆ, ಹೊಟ್ಟುಗಳ ಮೇಲ್ಮೈ ಸಾಮಾನ್ಯವಾಗಿ ಋಣ. ಹಾಗಾಗಿ ಇದು ಸುಲಭವಾಗಿ ಅಂಟುತ್ತದೆ. ಹತ್ತಿಬಟ್ಟೆಗೆ ಬಳಸುವ ರಿಯಾಕ್ಟಿವ್ ಬಣ್ಣಗಳು ಋಣ ವಿದ್ಯುದಂಶದವು, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಪಾವಗಡ, ಬಾಗೇಪಲ್ಲಿಯ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡ್ ಕೂಡ ಋಣ ಅಯಾನೇ. ಕಾರ್ಖಾನೆಯ ನೀರಿನಲ್ಲಿ ಉಪ್ಪು, ಸಾಬೂನು, ಎಣ್ಣೆ ಬೆರೆತಿದ್ದರೆ ಅವೂ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ನುಗ್ಗೆ ಬೀಜದಿಂದ ತಿಳಿಯಾದ ನೀರನ್ನು ಹಾಗೇ ಇಟ್ಟರೆ, ಉಳಿದ ಸಾವಯವ ಅಂಶವನ್ನು ತಿಂದು ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ.

ಇನ್ನೂ ದೊಡ್ಡ ಪ್ರಶ್ನೆ ಬಳಸಿದ ವಸ್ತುವಿನದು. ಸೀಸ, ಕ್ರೋಮಿಯಂ ಹೀರಿದ ಸಿಪ್ಪೆಯಲ್ಲಿ ವಿಷ ನಾಶವಾಗಿರುವುದಿಲ್ಲ, ನೀರಿನಿಂದ ಸಿಪ್ಪೆಗೆ ಸಾಗಿರುತ್ತದೆ ಅಷ್ಟೆ. ಅದನ್ನು ತಿಪ್ಪೆಗೆ ಎಸೆದರೆ ಮಳೆನೀರಿನೊಡನೆ ಮಣ್ಣಿಗಿಳಿಯಬಹುದು; ಸುಟ್ಟರೆ ಲೋಹ ಬೂದಿಯಲ್ಲಿ ಉಳಿಯುತ್ತದೆ.

ಆದ್ದರಿಂದ ಪ್ರಾಜೆಕ್ಟ್‌ಗಳ ಮೌಲ್ಯಮಾಪನದಲ್ಲಿ ಶೇಕಡಾ ಎಷ್ಟು ಬಣ್ಣ ಹೋಯಿತೆಂಬ ಲೆಕ್ಕವೊಂದೇ ಸಾಲದು. ಊರ ಕೆರೆ, ಮೋರಿ, ಕೊಳವೆಬಾವಿಯ ನೀರಿನಲ್ಲೇ ಪರೀಕ್ಷಿಸಿದ್ದಾರೆಯೇ, ಸಾವಿರ ಲೀಟರಿಗೆ ಎಷ್ಟು ಕಿಲೋ ಬೇಕು, ಬಳಸಿದ್ದನ್ನು ಏನು ಮಾಡಬೇಕು ಎಂಬುದಕ್ಕೂ ಅಂಕ ಇರಬೇಕು. ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವು ನೀಡುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಂಥ ಸಂಸ್ಥೆಗಳು, ಒಂದು ತಂಡ ಬಿಟ್ಟ ಕೆಲಸವನ್ನು ಮರುವರ್ಷದ ತಂಡ ಮುಂದುವರಿಸುವುದಕ್ಕೂ ಹಣ ಮೀಸಲಿಟ್ಟರೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಾಲಾವಕಾಶ ಸಿಗುತ್ತದೆ.