ಮದ್ರಸದಲ್ಲಿ ಗರ್ಜಿಸಿದ ಡೈನೋಸಾರ್

ಪೆರ್ನಾಲ್ ರಜೆ ಮುಗಿದು ಮದ್ರಸ ಶುರುವಾದ ಮೂರನೇ ದಿನ. ನಮ್ಮ ಅತ್ತಿಗುಂಡಿಯಲ್ಲಿ ಬೆಳಿಗ್ಗೆ ಮಂಜು ಕವಿದರೆ ಎದುರು ನಿಂತ ಜೀಪು ಕಾಣುವುದಿಲ್ಲ. ಮಕ್ಕಳು ಸ್ವೆಟರಿನ ಒಳಗೆ ಕೈ ಸೇರಿಸಿಕೊಂಡೇ ಓದುತ್ತವೆ. ಎರಡನೇ ತರಗತಿಯವರಿಂದ ಸೂರಃ ಫೀಲ್ ಒಪ್ಪಿಸಿಕೊಳ್ಳುತ್ತಿದ್ದೆ. ಆನೆಯ ಸೂರಃ ಅರ್ಧಕ್ಕೆ ಬಂದಿತ್ತು. ಹಿಂದಿನ ಬೆಂಚಿನ ಬ್ಯಾಗೊಂದರಿಂದ ಘರ್ ಎಂದು ದೊಡ್ಡ ಶಬ್ದ. ಒಂದು ಹುಡುಗಿ ಬೆಂಚಿನ ಮೇಲೆ ಹತ್ತಿ ನಿಂತಳು, ಉಳಿದವರಿಗೆ ನಗೆ. ಬ್ಯಾಗಿನ ಜಿಪ್ ತೆಗೆದು ನೋಡಿದರೆ ಹಸಿರು ಬಣ್ಣದ ಡೈನೋಸಾರ್, ಕಣ್ಣಲ್ಲಿ ಕೆಂಪು ದೀಪ, ಬಾಯಿ ತೆರೆದು ಮುಚ್ಚುತ್ತಾ ಉಂಟು.

ನಾನು ಅದನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಹುಡುಗ ಅತ್ತ. ಅಷ್ಟು ಮಾಡಿದ್ದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ, ಮದ್ರಸಕ್ಕೆ ಆಟಿಕೆ ತರುವುದು ಸರಿಯಲ್ಲ. ತಪ್ಪಾದದ್ದು ಅದರ ನಂತರ. ಅವನ ಅಕ್ಕ ಐದನೇ ತರಗತಿ. ಅವಳು ಎದ್ದು ನಿಂತು ಕೇಳಿದಳು: "ಉಸ್ತಾದ್, ಡೈನೋಸಾರನ್ನೂ ಅಲ್ಲಾಹನೇ ಸೃಷ್ಟಿಸಿದ್ದಲ್ವಾ? ನಮ್ಮ ಈ ಗುಡ್ಡದಲ್ಲೂ ಇತ್ತಾ ಅದು?"

"ಸಾಕು, ಕೂತ್ಕೋ, ಪಾಠ ನೋಡು" ಎಂದೆ. ಅವಳು ಕೂತಳು. ಉತ್ತರ ನನಗೆ ಗೊತ್ತಿರಲಿಲ್ಲ, ಅದಕ್ಕೇ ಗದರಿಸಿದ್ದು. ಇಪ್ಪತ್ತು ವರ್ಷ ಉಸ್ತಾದ್ ಆದವನಿಗೆ ಇದನ್ನು ಪೇಪರಿನಲ್ಲಿ ಬರೆಯಲು ಸ್ವಲ್ಪ ನಾಚಿಕೆಯೇ.

ಸಂಜೆ ಮಕ್ಕಳ ಉಪ್ಪ ಬಂದರು. ಝರಿ ಫಾಲ್ಸಿಗೆ ಪ್ರವಾಸಿಗಳನ್ನು ಕರೆದುಕೊಂಡು ಹೋಗುವ ಜೀಪಿನ ಡ್ರೈವರ್. ಯಾವುದೋ ಪ್ರವಾಸಿ ಮಗುವಿನ ಕೈಯಲ್ಲಿ ಇಂಥದ್ದನ್ನು ನೋಡಿ ಇವರ ಮಗ ಎರಡು ತಿಂಗಳು ಪೀಡಿಸಿದ್ದಾನಂತೆ. ಪೆರ್ನಾಲ್‌ಗೆ ಚಿಕ್ಕಮಗಳೂರಿನಿಂದ 1,400 ರೂಪಾಯಿ ಕೊಟ್ಟು ತಂದರು. ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದ ವಾರ ಜೀಪಿನವರಿಗೆ ಒಂದು ಬಾಡಿಗೆಯೂ ಇರುವುದಿಲ್ಲ, ಅಂಥ ಮನೆಗೆ ಅದು ಸಣ್ಣ ದುಡ್ಡಲ್ಲ. ಮನೆಗೆ ತಂದ ದಿನವೇ ಅಜ್ಜಿ, "ಈ ರೂಪ ಇರುವ ಕೋಣೆಯಲ್ಲಿ ನಾನು ನಮಾಝ್ ಮಾಡುವುದಿಲ್ಲ" ಎಂದು ಹಟ ಹಿಡಿದರು. ಎಸೆಯಿರಿ ಎಂದು ಅಜ್ಜಿ, ದುಡ್ಡು ಕೊಟ್ಟದ್ದು ಎಂದು ಉಪ್ಪ, ನಡುವೆ ಉಮ್ಮ. "ಉಸ್ತಾದ್, ಹರಾಮಾ ಹಲಾಲಾ, ಒಂದು ಮಾತು ಹೇಳಿಬಿಡಿ, ಮನೆಯಲ್ಲಿ ಜಗಳ ನಿಲ್ಲಲಿ" ಎಂದರು.

ಅಜ್ಜಿಯ ಮಾತಿಗೆ ಆಧಾರ ಇಲ್ಲ ಎನ್ನಬಾರದು. ಜೀವಿಗಳ ರೂಪ ಮಾಡಿ ಗೋಡೆಗೆ, ಶೋಕೇಸಿಗೆ ಅಲಂಕಾರಕ್ಕೆ ಇಡುವ ಬಗ್ಗೆ ನಮ್ಮ ಕಿತಾಬುಗಳು ಕಟ್ಟುನಿಟ್ಟಾಗಿಯೇ ಹೇಳುತ್ತವೆ. ಆದರೆ ಅದೇ ಕಿತಾಬುಗಳಲ್ಲಿ ಮಕ್ಕಳ ಆಟದ ಮಾತು ಬೇರೆ ಬರುತ್ತದೆ. ಅಬೂ ದಾವೂದ್ ಅವರ ಸುನನ್‌ನಲ್ಲಿ ಒಂದು ಹದೀಸ್ ಇದೆ. ಪ್ರವಾದಿ (ಸ) ಒಂದು ಯುದ್ಧದಿಂದ ಮರಳಿದ ಸಮಯ. ಗಾಳಿಗೆ ಪರದೆ ಸರಿದಾಗ ಹಝ್ರತ್ ಆಯಿಶಾ (ರ) ಅವರ ಗೊಂಬೆಗಳು ಕಂಡವು. ಅವುಗಳ ನಡುವೆ ಒಂದು ಕುದುರೆ, ಅದಕ್ಕೆ ಬಟ್ಟೆಯ ಎರಡು ರೆಕ್ಕೆ. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿಯವರು (ಸ) ಕೇಳಿದರು. ಸುಲೈಮಾನ್ (ಅ) ಅವರ ಕುದುರೆಗೆ ರೆಕ್ಕೆ ಇತ್ತೆಂದು ತಾವು ಕೇಳಿಲ್ಲವೇ ಎಂದು ಆಯಿಶಾ (ರ) ಮರುಪ್ರಶ್ನೆ ಹಾಕಿದರು. ಅದಕ್ಕೆ ಪ್ರವಾದಿಯವರು (ಸ) ದವಡೆ ಹಲ್ಲು ಕಾಣುವಷ್ಟು ನಕ್ಕರು.

ಈ ಹದೀಸನ್ನು ಆಟಿಕೆಗೆ ಅನುಮತಿ ಉಂಟೆಂದು ತೋರಿಸಲು ನಾವು ಹಲವು ಸಲ ಹೇಳುತ್ತೇವೆ, ಅಲ್ಲಿಗೆ ಬಿಡುತ್ತೇವೆ. ನಾನು ಅದನ್ನು ಆ ರಾತ್ರಿ ಮತ್ತೆ ಓದಿದಾಗ ಕಂಡದ್ದು ಬೇರೆ. ಪ್ರವಾದಿಯವರು (ಸ) ಮೊದಲು ಹತ್ತಿರ ನಿಂತು ಇದು ಏನು ಎಂದು ಕೇಳಿದರು. ಉತ್ತರ ಬರುವವರೆಗೆ ಕಾದರು. ಬಂದ ಉತ್ತರಕ್ಕೆ ನಕ್ಕರು. ನಾನು ಏನೂ ಕೇಳದೆ ಬೀಗ ಹಾಕಿದ್ದೆ. ಇನ್ನೊಂದು, ಆ ಕುದುರೆ ಇದ್ದದ್ದು ಹುಡುಗಿಯ ಹತ್ತಿರ. ನಮ್ಮ ಮನೆಗಳಲ್ಲಿ ರಿಮೋಟಿನ ಜೀಪು, ರೋಬೋಟು, ಡೈನೋಸಾರ್ ಎಲ್ಲ ಮಗನಿಗೆ, ಮಗಳಿಗೆ ಪ್ಲಾಸ್ಟಿಕ್ ಪಾತ್ರೆ ಸೆಟ್ಟು. ಪ್ರಶ್ನೆ ಕೇಳಿದ್ದು ಮಾತ್ರ ಅಕ್ಕ. ರಿಮೋಟ್ ಅವಳ ಕೈಗೆ ಒಂದು ದಿನವೂ ಸಿಕ್ಕಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಉಪ್ಪನಿಗೆ ಹೇಳಿದೆ: ಎಸೆಯಬೇಡಿ. ಆಡಿ ಆದ ಮೇಲೆ ಡಬ್ಬಕ್ಕೆ ಹಾಕಿ, ಶೋಕೇಸಿನಲ್ಲಿ ಇಡಬೇಡಿ, ಅಜ್ಜಿ ನಮಾಝ್ ಮಾಡುವ ಕೋಣೆಗೆ ತರಬೇಡಿ. ಅಜ್ಜಿ ಅಷ್ಟಕ್ಕೆ ಒಪ್ಪಿದರು. ಆದರೆ ನಾಳೆ ಆಟಿಕೆಯನ್ನು ರಿಮೋಟ್ ಸಮೇತ ಒಮ್ಮೆ ನೋಡೋಣ ಎಂದೂ ಹೇಳಿದೆ.

ಈ ಲೇಖನ ಬರೆಯುವುದಕ್ಕೆ ನಿಜವಾದ ಕಾರಣ ಮರುದಿನ ನಾವು ಕಂಡದ್ದು. ಮನೆಯವರೆಲ್ಲ ಒಂದು ವಾರ ಹರಾಮಾ ಹಲಾಲಾ ಎಂದು ಚರ್ಚೆ ಮಾಡಿದ್ದರು. ಆ ರಿಮೋಟಿನ ಹಿಂದಿನ ಮುಚ್ಚಳವನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಸ್ಕ್ರೂ ಇಲ್ಲ. ಉಗುರಿನಲ್ಲಿ ಒತ್ತಿದರೆ ಮುಚ್ಚಳ ಕೈಗೆ ಬಂತು, ಒಳಗಿನ ಎರಡು ಬಟನ್ ಸೆಲ್ ಚಾಪೆಯ ಮೇಲೆ ಉರುಳಿದವು. ಅದೇ ಚಾಪೆಯ ಮೇಲೆ ಆ ಮನೆಯ ಒಂದೂವರೆ ವರ್ಷದ ಕೂಸು ಅಂಬೆಗಾಲಿಡುತ್ತದೆ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ.

ಬಟನ್ ಸೆಲ್ ಎಂದರೆ ವಾಚಿಗೆ, ಸಣ್ಣ ರಿಮೋಟಿಗೆ ಹಾಕುವ ಬಿಲ್ಲೆಯಂಥ ಬ್ಯಾಟರಿ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ತಾಗಿ ಕರೆಂಟ್ ಹರಿದು, ಸುತ್ತಲಿನ ಮಾಂಸ ಸುಡಲು ಶುರುವಾಗುತ್ತದೆ. ಎರಡು ಗಂಟೆಯೊಳಗೇ ದೊಡ್ಡ ಗಾಯ ಆಗಬಹುದು. ಮಗು ಉಸಿರು ಕಟ್ಟಿ ಒದ್ದಾಡಬೇಕೆಂದಿಲ್ಲ. ಸ್ವಲ್ಪ ಜೊಲ್ಲು, ಕೆಮ್ಮು, ಹಾಲು ಬೇಡ ಎನ್ನುವುದು, ಅಷ್ಟೇ ಇರಬಹುದು, ನಾವು ಶೀತ ಎಂದುಕೊಂಡು ಬಿಡುತ್ತೇವೆ. ನಾಣ್ಯದಗಲದ ಲಿಥಿಯಂ ಸೆಲ್ ಇನ್ನೂ ಅಪಾಯ. ಆಟಿಕೆ ನಡೆಸಲು ಶಕ್ತಿ ಇಲ್ಲವೆಂದು ತೆಗೆದಿಟ್ಟ ಹಳೆಯ ಸೆಲ್‌ನಲ್ಲೂ ಗಂಟಲು ಸುಡುವಷ್ಟು ಕರೆಂಟ್ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗಬಾರದು, ಎಕ್ಸ್-ರೇ ಇರುವ ಆಸ್ಪತ್ರೆಗೆ ಕೂಡಲೇ ಹೊರಡಬೇಕು. ಮಂಗಳೂರಿನವರಿಗೆ ಅದು ರಿಕ್ಷಾದ ದಾರಿ. ನಮಗೆ ಅತ್ತಿಗುಂಡಿಯಿಂದ ಘಾಟಿ ಇಳಿದು ಚಿಕ್ಕಮಗಳೂರು ಮುಟ್ಟಬೇಕು, ಮಂಜು ಇದ್ದರೆ ಗಂಟೆಯ ಮೇಲೆ. ಆ ಎರಡು ಗಂಟೆಯಲ್ಲಿ ನಮಗೆ ಉಳಿಯುವುದೆಷ್ಟು?

ಕಾನೂನು ಇಲ್ಲ ಎಂದೇನಿಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಬ್ಯಾಟರಿಯವಕ್ಕೂ ಸೇರಿ. ಗುರುತಿನ ಜೊತೆಗೆ ಲೈಸೆನ್ಸ್ ನಂಬರು ಇರುತ್ತದೆ, ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಈ ಡೈನೋಸಾರಿನ ಡಬ್ಬವನ್ನು ಎಷ್ಟು ತಿರುಗಿಸಿದರೂ ಗುರುತು ಸಿಗಲಿಲ್ಲ. ಹಬ್ಬದ ಸಂತೆಯಲ್ಲಿ, ಉರೂಸ್ ಅಂಗಡಿಯಲ್ಲಿ, ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ನಮ್ಮ ಮನೆಗೆ ಬರುವ ಆಟಿಕೆಗಳಲ್ಲಿ ಗುರುತು ಹುಡುಕುವವರು ಎಷ್ಟು ಮಂದಿ? ಬಿಸ್ಕತ್ತಿನ ಪ್ಯಾಕೆಟಿನಲ್ಲಿ ಜೆಲಾಟಿನ್ ಇದೆಯಾ ಎಂದು ಸಣ್ಣ ಅಕ್ಷರ ಓದುವ ನಮ್ಮ ತಾಯಂದಿರಿಗೆ ಇದು ಕಷ್ಟದ ಕೆಲಸವೇ ಅಲ್ಲ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೊಳ್ಳಿ. ಅಂಬೆಗಾಲಿಡುವ ಮಗುವಿಗಾದರೆ ಚನ್ನಪಟ್ಟಣದ ಮರದ ಗಿಲಕಿ ಸಾಕು, ಅದಕ್ಕೆ ಬ್ಯಾಟರಿಯೇ ಬೇಡ.

ಆ ರಿಮೋಟಿನ ಮುಚ್ಚಳಕ್ಕೆ ಟೇಪು ಸುತ್ತಿ ಮೇಲಿನ ಕಪಾಟಿಗೆ ಸೇರಿಸಿದೆವು. ಡೈನೋಸಾರಿನ ಹೊಟ್ಟೆಯಲ್ಲಿ ಮಾತ್ರ ಸ್ಕ್ರೂ ಇತ್ತು. ಜೀಪಿನ ಟೂಲ್ಸ್ ಚೀಲದಿಂದ ಉಪ್ಪ ಸಣ್ಣ ಸ್ಕ್ರೂಡ್ರೈವರ್ ತಂದರು. ಅಕ್ಕನಿಗೆ ಕೊಟ್ಟೆವು, ಅವಳೇ ಬಿಚ್ಚಿದಳು. ಒಳಗೆ ಒಂದು ಮೋಟರು, ನಾಲ್ಕು ಹಲ್ಲಿನ ಚಕ್ರ, ನಾಣ್ಯದಷ್ಟು ದೊಡ್ಡ ಸ್ಪೀಕರ್. ಗರ್ಜನೆ ಇಷ್ಟರಿಂದಲಾ ಎಂದು ಹುಡುಗನಿಗೆ ಸ್ವಲ್ಪ ಬೇಸರ, ಅಕ್ಕನಿಗೆ ಕಣ್ಣರಳಿತು. ಆಗ ನಾನು ಟಿಪ್ಪು ಸುಲ್ತಾನರ ಹುಲಿಯ ಕತೆ ಹೇಳಿದೆ. ಬಿಳಿಯನೊಬ್ಬನ ಮೇಲೆ ಎರಗಿದ ಮರದ ಹುಲಿ, ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಆ ಮನುಷ್ಯ ಕೈ ಎತ್ತಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದರು, ಈಗ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೂ ಬಹಳ ಹಿಂದೆ ಅಲ್ ಜಝರಿ ಎಂಬ ಮುಸ್ಲಿಂ ಇಂಜಿನಿಯರ್ 1206ರಲ್ಲಿ ಮುಗಿಸಿದ ಕಿತಾಬಿನಲ್ಲಿ ಆನೆ ಗಡಿಯಾರದ ವಿವರ ಬರೆದಿದ್ದಾರೆ. ಆನೆಯ ಹೊಟ್ಟೆಯೊಳಗೆ ನೀರು, ಅದರಲ್ಲಿ ನಿಧಾನಕ್ಕೆ ಮುಳುಗುವ ಬಟ್ಟಲು, ಅರ್ಧ ಗಂಟೆಗೊಮ್ಮೆ ಮಾವುತ ಆನೆಗೆ ಬಡಿಯುತ್ತಾನೆ. ಬ್ಯಾಟರಿ ಇಲ್ಲದ ಕಾಲದ ರೋಬೋಟು ಅದು. ಆಟಿಕೆಯನ್ನು "ಅವರ ಸಂಸ್ಕೃತಿ" ಎಂದು ದೂರ ತಳ್ಳುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಇನ್ನು ಅವಳ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ನನ್ನ ಹತ್ತಿರವೇ ಇತ್ತು, ಹೊಳೆದಿರಲಿಲ್ಲ ಅಷ್ಟೇ. ಸೂರಃ ನಹ್ಲ್‌ನಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳ ಮಾತು ಬಂದ ಕೂಡಲೇ, ನಮಗೆ ಗೊತ್ತಿಲ್ಲದ್ದನ್ನೂ ಅಲ್ಲಾಹನು ಸೃಷ್ಟಿಸುತ್ತಾನೆ ಎಂಬ ಅರ್ಥದ ಮಾತು ಬರುತ್ತದೆ. ಎರಡನೆಯದಕ್ಕೆ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರನ್ನು ಕೇಳಬೇಕಾಯಿತು. ಡೈನೋಸಾರ್‌ಗಳು ಭೂಮಿಗೆ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ನಮ್ಮ ಬಾಬಾಬುಡನ್‌ಗಿರಿಯ ಕಬ್ಬಿಣದ ಕಲ್ಲು 250 ಕೋಟಿ ವರ್ಷಕ್ಕಿಂತಲೂ ಹಳೆಯದು. ಡೈನೋಸಾರ್ ಇಲ್ಲಿ ನಡೆದಿದ್ದರೂ ಅದರ ಎಲುಬು ಉಳಿಸುವಂಥ ಆ ಕಾಲದ ಕಲ್ಲು ನಮ್ಮ ಗುಡ್ಡದಲ್ಲಿಲ್ಲ. ಎಲುಬು ಸಿಕ್ಕಿದ್ದು ಗುಜರಾತಿನಲ್ಲಿ, ತೆಲಂಗಾಣದ ಗೋದಾವರಿ ಕಡೆ. ಹೈದರಾಬಾದಿನ ಬಿರ್ಲಾ ಮ್ಯೂಸಿಯಮ್ಮಿನಲ್ಲಿ ಕೋಟಾಸಾರಸ್ ಎಂಬುದರ ಇಡೀ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಇದನ್ನು ತರಗತಿಯಲ್ಲೇ ಹೇಳಿದೆ, ಮೊನ್ನೆ ಗದರಿಸಿದ್ದು ನನ್ನ ತಪ್ಪು ಎಂದೂ ಹೇಳಿದೆ. ಮಕ್ಕಳಿಗೆ ತಪ್ಪಿನ ಮಾತು ಬೇಕಿರಲಿಲ್ಲ. "ಅಷ್ಟು ಹಳೇ ಕಲ್ಲಾ ಉಸ್ತಾದ್" ಎಂದು ಹೊರಗೆ ಓಡಿ ಕಲ್ಲು ಹೆಕ್ಕಿದವು.

ಸಾಲ ಮಾಡಿ, ಕಂತು ಕಟ್ಟಿ ಡೈನೋಸಾರ್ ತರಬೇಕೆಂದು ನಾನು ಹೇಳುವುದಿಲ್ಲ. ಇದ್ದ ದುಡ್ಡಿನಲ್ಲಿ ತರುವುದಾದರೆ ಅಂಗಡಿಯಲ್ಲೇ ಮುಚ್ಚಳ ನೋಡಿ, ಮನೆಗೆ ಬಂದ ಮೇಲೆ ಮಗನ ಜೊತೆ ಮಗಳಿಗೂ ಕೊಡಿ. ಕಳೆದ ಮೀಲಾದಿಗೆ ನಮ್ಮ ಮದ್ರಸದಲ್ಲಿ ಬಹುಮಾನ ಎಂದು ಕೊಟ್ಟದ್ದು ಸ್ಟೀಲ್ ಲೋಟ, ಅದರ ಹಿಂದಿನ ವರ್ಷವೂ ಸ್ಟೀಲ್ ಲೋಟ. ಈ ಸಲ ಬಿಚ್ಚಿ ಜೋಡಿಸುವಂಥ ಆಟಿಕೆ, ಪ್ರಾಣಿಗಳ ಪುಸ್ತಕ ಕೊಡೋಣ ಎಂದು ಕಮಿಟಿಯ ಮುಂದಿಟ್ಟಿದ್ದೇನೆ. "ಲೋಟ ಆದ್ರೆ ಮನೆಗೆ ಉಪಯೋಗ ಉಂಟಲ್ಲ ಉಸ್ತಾದ್" ಎಂದು ಒಬ್ಬರು ಹೇಳಿದ್ದಾರೆ, ಮುಂದಿನ ಮೀಟಿಂಗಿನಲ್ಲಿ ಮಾತಾಡುವುದು ಬಾಕಿ ಇದೆ.

ಆ ಡೈನೋಸಾರ್ ಈಗ ಸ್ವಲ್ಪ ಓರೆಯಾಗಿ ನಡೆಯುತ್ತದೆ. ಅಕ್ಕ ತಿರುಗಿ ಜೋಡಿಸುವಾಗ ಒಂದು ಚಕ್ರ ಉಳಿದುಹೋಯಿತಂತೆ. ಶುಕ್ರವಾರ ಮತ್ತೆ ಬಿಚ್ಚುತ್ತಾರೆ.