ಮೆಣಸಿನ ಬಳ್ಳಿಯ ಮದ್ದು ಬೇರಿನಲ್ಲೇ ಇದೆ

ಮಳೆಗಾಲ ಮುಗಿದು ನೆಲದ ತೇವ ಆರುತ್ತಿದ್ದಂತೆ ಕೊಡಗು, ಮಲೆನಾಡಿನ ಕೆಲವು ಕಾಳುಮೆಣಸಿನ ಬಳ್ಳಿಗಳು ಹಳದಿಗೆ ತಿರುಗುತ್ತವೆ. ನೀರು ಸಾಲದೆಂದು ಭಾವಿಸುವವರು ಬುಡದ ಮಣ್ಣು ಕೆದಕಿ ನೋಡಬೇಕು: ಎಳೆಬೇರುಗಳಲ್ಲಿ ಮಣಿ ಪೋಣಿಸಿದಂತೆ ಗಂಟುಗಳು, ಕೆಲವೆಡೆ ಕಪ್ಪಾಗಿ ಕೊಳೆತ ತುದಿಗಳು. ಇದು ಕಣ್ಣಿಗೆ ಕಾಣದ ಜಂತುಹುಳುಗಳ ಕೆಲಸ. ನಿಧಾನ ಸೊರಗು ರೋಗದ ಮೂಲವೂ ಇದೇ. ದಶಕಗಳ ಕಾಲ ಇದಕ್ಕೆ ಫೋರೇಟ್, ಕಾರ್ಬೊಫ್ಯುರಾನ್ ಹರಳುಗಳನ್ನೇ ಸುರಿದೆವು. ಫೋರೇಟ್ ಈಗ ನಿಷೇಧಿತ. ಅದು ಹೋದದ್ದು ಒಳ್ಳೆಯದೇ ಆಯಿತು. ಎರೆಹುಳುವನ್ನೂ ಕೊಲ್ಲುವ ವಿಷವನ್ನು ಹತ್ತಾರು ವರ್ಷ ಬಾಳುವ ಬಳ್ಳಿಯ ಬುಡಕ್ಕೆ ಹಾಕುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಈ ವಿಷಗಳ ಬದಲು ಬಳಸಬಹುದಾದ ಬೇವಿನ ಹಿಂಡಿ, ಟ್ರೈಕೋಡರ್ಮಾ, ಜಂತುಹುಳುವಿನ ಮೊಟ್ಟೆಯನ್ನೇ ತಿನ್ನುವ ಪೊಕೋನಿಯಾ ಶಿಲೀಂಧ್ರ ನಿಧಾನವೆಂಬ ಆಕ್ಷೇಪವಿದೆ. ನಿಜ, ವಾರದಲ್ಲಿ ಎಲೆ ಹಸಿರಾಗದು. ಆದರೆ ರಾಸಾಯನಿಕವೂ ಹುಳುವನ್ನು ನಿರ್ಮೂಲ ಮಾಡಲಿಲ್ಲ. ಅದರ ಬಲ ಕುಂದಿದೊಡನೆ ಸಂತತಿ ಮತ್ತೆ ಬೆಳೆಯಿತು. ಅಂಗಡಿಯಲ್ಲಿ ಸಿಗುವ ಇಂಥ ಶಿಲೀಂಧ್ರಗಳ ಪೊಟ್ಟಣದಲ್ಲಿ ಜೀವವೇ ಇರುವುದಿಲ್ಲವೆಂಬ ದೂರು ಇದಕ್ಕಿಂತ ಗಂಭೀರವಾದದ್ದು. ತಯಾರಿಕೆಯ ದಿನಾಂಕ ನೋಡಿ ಕೊಂಡು, ಹಿಂಡಿ ಮತ್ತು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಲ್ಲಿ ತೇವವಾಗಿಟ್ಟು ಬೆಳೆಸಿಕೊಂಡರೆ ಆ ನಷ್ಟ ಬಹುಪಾಲು ತಪ್ಪುತ್ತದೆ. ಎಲ್ಲಕ್ಕಿಂತ ಮೊದಲು ನರ್ಸರಿ ಸರಿಯಾಗಬೇಕು. ಹುಳು ತೋಟಕ್ಕೆ ಬರುವುದು ಹೆಚ್ಚಾಗಿ ಸಸಿಯ ಚೀಲದ ಮಣ್ಣಿನ ಜೊತೆಗೆ. ಬೇಸಿಗೆಯಲ್ಲಿ ಆ ಮಣ್ಣನ್ನು ಒದ್ದೆ ಮಾಡಿ, ಪಾರದರ್ಶಕ ಪಾಲಿಥೀನ್ ಹೊದಿಸಿ ಕೆಲವು ವಾರ ಬಿಸಿಲಿಗೆ ಬಿಟ್ಟರೆ ಸಾಕು. ಗಂಟುಬೇರಿನ ಕಾಟವಿರುವಲ್ಲಿ ಅದನ್ನು ತಾಳಿಕೊಳ್ಳುವ ‘ಪೌರ್ಣಮಿ’ ತಳಿಯೂ ಇದೆ. ಸರ್ಕಾರದ ಸಹಾಯಧನ ಮೊದಲು ಹೋಗಬೇಕಾದದ್ದು ಇಂಥ ಶುದ್ಧ ಸಸಿಗೆ.